ಜಟ್ಟಪ್ಪನ ಪಾಲು

ನನ್ನ ಅತ್ತಿಗೆ ಸೇಸಿ ತನ್ನ ಗಂಡನ ಹೆಸರನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ನೀರಿಗೆ. ಮದುವೆಯಾಗಿ ಒಂಬತ್ತು ವರ್ಷ ಅವಳು ಅವನನ್ನು ‘ಇವರು’ ಅಂದಳು, ‘ಅವರು’ ಅಂದಳು, ನನ್ನ ಹತ್ತಿರ ಮಾತಾಡುವಾಗ ‘ನಿನ್ನಣ್ಣ’ ಅಂದಳು. ಹೆಸರು ಹಿಡಿದವಳಲ್ಲ. ಅಣ್ಣ ಕಾಣೆಯಾದ ಹದಿಮೂರನೆಯ ದಿನ ಅವನ ದೋಣಿಯನ್ನೇ ನೀರಿಗಿಳಿಸಿ, ಹುಟ್ಟು ಹಾಕಲು ನನ್ನನ್ನು ಕೂರಿಸಿಕೊಂಡು ಕರಿಬಂಡೆಯ ಆಚೆ ಹೋದಳು. ಗಾಳಕ್ಕೆ ಬಂಗುಡೆಯ ತುಂಡು ಸಿಕ್ಕಿಸಿದಳು. ಮೂಗು ನೀರಿಗೆ ತಾಗುವಷ್ಟು ಬಾಗಿ ‘ಜಟ್ಟಪ್ಪ’ ಅಂದಳು. ಅಂದವಳು ನಾಚಿಕೊಂಡು ಸೆರಗನ್ನು ಬಾಯಿಗೆ ಒತ್ತಿದಳು. ಅಷ್ಟರಲ್ಲಿ ಅವಳ ಇನ್ನೊಂದು ಕೈಯಲ್ಲಿದ್ದ ಹಗ್ಗ ಜಗ್ಗಿತು.

ಚಾಪೆಮೀನು ನಮ್ಮೂರಿನ ಅನ್ನ. ಸಮುದ್ರದ ತಳದಲ್ಲಿ ಹಾಸಿದ ಚಾಪೆಯ ಹಾಗೆ ಮಲಗಿರುತ್ತದೆ, ಎರಡು ಕಣ್ಣೂ ಒಂದೇ ಮಗ್ಗುಲಿಗೆ. ಅಜ್ಜನ ಕಾಲದಲ್ಲಿ ಒಂದು ಮೀನನ್ನು ಇಬ್ಬರು ಕೋಲಿಗೆ ಕಟ್ಟಿ ಹೊರುತ್ತಿದ್ದರಂತೆ. ಅದಕ್ಕೆ ಬಲೆ ಆಗುವುದಿಲ್ಲ, ಗಾಳವೇ ಬೇಕು. ಗಾಳ ಬಿಡುವ ಮೊದಲು, ಯಾರ ಪಾಲಿನಿಂದ ಹಿಡಿಯುತ್ತೇವೋ ಅವರ ಹೆಸರನ್ನು ನೀರಿಗೆ ಹೇಳಬೇಕು. ಹೆಸರಿನವರು ಬದುಕಿದ್ದು, ಆ ವರ್ಷದ ಅವರ ಪಾಲು ಮುಗಿದಿರದಿದ್ದರೆ ಮೀನು ಕಚ್ಚುತ್ತದೆ. ಸತ್ತವರ ಹೆಸರಿಗೆ ಕಚ್ಚುವುದಿಲ್ಲ, ಪಾಲು ಮುಗಿದ ಹೆಸರಿಗೂ ಕಚ್ಚುವುದಿಲ್ಲ. ಹೆಸರಿನವರು ಊರಲ್ಲೇ ಇರಬೇಕೆಂದೇನಿಲ್ಲ. ಹಡಗು ಹತ್ತಿ ಹೋದವರ, ಮುನಿಸಿಕೊಂಡು ಘಟ್ಟ ಹತ್ತಿದವರ ಸುದ್ದಿ ನಮಗೆ ಕಾಗದಕ್ಕಿಂತ ಮೊದಲು ಗಾಳದಲ್ಲಿ ಬರುತ್ತದೆ.

ಹೀಗಾಗಿ ನಮ್ಮಲ್ಲಿ ಒಂದೇ ಹೆಸರನ್ನು ಇಬ್ಬರಿಗೆ ಇಡುವಂತಿಲ್ಲ. ಇರುವ ಹೆಸರೆಲ್ಲ ಖರ್ಚಾಗಿ ಈಗಿನ ಮಕ್ಕಳಿಗೆ ಕೈಗೆ ಸಿಕ್ಕಿದ್ದನ್ನು ಇಡುತ್ತಾರೆ. ನನ್ನ ದೊಡ್ಡ ಮಗಳ ಹೆಸರು ಹಣತೆ, ಸಣ್ಣವಳದು ಬುಗುರಿ. ಹನ್ನೆರಡು ತುಂಬುವವರೆಗೆ ಮಕ್ಕಳ ಹೆಸರಿಗೆ ಪಾಲಿಲ್ಲ. ಹೊರಗಿಂದ ಬಂದವರ ಹೆಸರಿಗೆ ಎಂದೂ ಇಲ್ಲ. ನನ್ನ ಗಂಡ ಈರಣ್ಣ ಘಟ್ಟದ ಮೇಲಿನವನು, ಮಂಜುಗಡ್ಡೆಯ ಕಾರ್ಖಾನೆಗೆ ಕೆಲಸಕ್ಕೆ ಬಂದು ಇಲ್ಲೇ ಉಳಿದವನು. ಮದುವೆಯಾದ ಹೊಸದರಲ್ಲಿ ತಮಾಷೆಗೆ ಅವನ ಹೆಸರನ್ನೂ ಕರೆದು ನೋಡಿದ್ದೆ. ಮೂರು ಗಂಟೆ ಕೂತು ಬರಿಗೈಯಲ್ಲಿ ಬಂದೆ. ನಮ್ಮ ಮನೆಯ ನಾಲ್ಕು ಬಾಯಿಗೆ ಚಿಕ್ಕಮ್ಮ ಎಂಬ ನನ್ನ ಹೆಸರಿನದೊಂದೇ ಪಾಲು.

ಪಾಲು ಎಷ್ಟೆಂದು ಹೇಳುವವರು ಪಾಲು ಕಚೇರಿಯ ಗಣಪಯ್ಯನವರು. ಶ್ರಾವಣದ ನೂಲ ಹುಣ್ಣಿಮೆಯ ಮರುದಿನ ಅವರು ಕಚೇರಿಯ ದೋಣಿಯಲ್ಲಿ ಹೋಗಿ ಆ ವರ್ಷದ ಸಂಖ್ಯೆಯನ್ನು ನೀರಿಗೆ ಹೇಳಿ ಬರುತ್ತಾರೆ. ಅವರು ನಲವತ್ತು ಅಂದರೆ ಹೆಸರಿಗೆ ನಲವತ್ತು ಮೀನು. ದೋಣಿಗಳು ಬಂದು ನಿಲ್ಲುವ ದಕ್ಕೆಗೆ ತಂದ ಪ್ರತಿ ಮೀನಿನ ಬಾಲದ ತುದಿ ಕತ್ತರಿಸಿಕೊಂಡು, ಅಳತೆಕೋಲಿನಿಂದ ಉದ್ದ ನೋಡಿ, ಯಾರ ಹೆಸರಿಗೆ ಬಂತೆಂದು ಬರೆದುಕೊಳ್ಳುವುದೂ ಅವರೇ. ನಾನು ಹೇಳುತ್ತಿರುವ ವರ್ಷ ಅವರು ಸಂಖ್ಯೆ ಹೇಳುವ ಮೊದಲು ಊರವರನ್ನೆಲ್ಲ ಕಚೇರಿಯ ಅಂಗಳಕ್ಕೆ ಕರೆದರು. ಐದು ವರ್ಷದಿಂದ ಮೀನಿನ ಉದ್ದ ಒಂದೊಂದೇ ಬೆರಳು ಕಡಿಮೆಯಾಗುತ್ತ ಬಂದಿದೆ, ಈ ಸಲ ಮೂವತ್ತು ಎಂದು ತಿಳಿಸಿದರು.

ನಾನು ಎದ್ದು ನಿಂತು ಕೇಳಿದೆ. "ಮೂವತ್ತರಲ್ಲಿ ನಾಲ್ಕು ಬಾಯಿ ಹ್ಯಾಗೆ ಸಾಕುದು ಗಣಪಯ್ನೋರೇ?"

"ನಲವತ್ತು ಅಂತ ಹೇಳಿ ಬರ್ಲಿಕ್ಕೆ ನಂಗೆ ಎಂತ ಕಷ್ಟ ಚಿಕ್ಕಮ್ಮ? ಹೇಳಿದಷ್ಟು ಕಚ್ತದೆ. ಕಚ್ಚಿ ಕಚ್ಚಿ ಮುಗೀತದೆ. ಮುಗಿದ ಮೇಲೆ ನಾನು ನಾನೂರು ಅಂತ ಕೂಗಿದ್ರೂ ಕಚ್ಚಲಿಕ್ಕೆ ತಳದಲ್ಲಿ ಏನಾದ್ರೂ ಇರ್ಬೇಕಲ್ಲ?"

ಹಿಂದಿನ ವರ್ಷವಷ್ಟೇ ಅವರು ತೀರಿಕೊಂಡ ತಮ್ಮ ತಾಯಿಯ ಹೆಸರನ್ನು ತಮ್ಮ ಕೈಯಾರೆ ಪಟ್ಟಿಯಿಂದ ಹೊಡೆದುಹಾಕಿದ್ದರು. ಅವರ ಹತ್ತಿರ ಜೋರು ಮಾಡಲು ಯಾರಿಗೂ ಬಾಯಿ ಬರಲಿಲ್ಲ.

ಅಣ್ಣ ಹೋದದ್ದು ಅದಕ್ಕೆ ಮೂರು ವರ್ಷ ಮೊದಲು, ಹಾಡಹಗಲು, ಗಾಳಿಯೇ ಇಲ್ಲದ ದಿನ. ದೋಣಿ ಸಂಜೆ ತಾನಾಗಿ ಮರಳಿಗೆ ಬಂದು ನಿಂತಿತ್ತು. ಹಗ್ಗ ಸುತ್ತಿಟ್ಟ ಹಾಗೇ ಇತ್ತು, ಹುಟ್ಟು ಅದರ ಜಾಗದಲ್ಲಿತ್ತು, ಊಟದ ಡಬ್ಬಿ ತೊಳೆದಿಟ್ಟಿತ್ತು. ಆ ದಿನ ಆಚೆ ದೊಡ್ಡ ಹಡಗೊಂದು ನಿಂತಿದ್ದನ್ನು ಕಂಡವರಿದ್ದರು. ಅದನ್ನು ಹತ್ತಿದನೇ, ಈಜುತ್ತ ಎಲ್ಲಾದರೂ ಹೋದನೇ, ಯಾರಿಗೂ ತಿಳಿಯದು. ಹೋಗುವ ಹಿಂದಿನ ವಾರ ನನ್ನ ಮನೆಯ ಜಗಲಿಯಲ್ಲಿ ಕೂತು ಬುಗುರಿಗೆ ದೋಣಿ ಕೆತ್ತಿಕೊಡುತ್ತ ಹೇಳಿದ್ದ: "ವರ್ಷಕ್ಕೆ ಇಷ್ಟೇ ಅಂತ ಹೇಳಿಸ್ಕೊಂಡು ಬದುಕಿದ್ದು ಸಾಕಾಯ್ತು ಚಿಕ್ಕು." ಇಂಥ ಮಾತನ್ನು ನಮ್ಮೂರಲ್ಲಿ ದಿನಕ್ಕೆ ಹತ್ತು ಮಂದಿ ಆಡುತ್ತಾರೆ. ನಾನು ಚಾ ಬೇಕಾ ಎಂದು ಕೇಳಿದೆ.

ಹದಿಮೂರನೆಯ ದಿನ ಹಗ್ಗ ಜಗ್ಗಿದ ಮೇಲೆ ಅತ್ತಿಗೆ ಅಳುವುದನ್ನು ನಿಲ್ಲಿಸಿದಳು. ಬಳೆ ಉಳಿಯಿತು, ಕುಂಕುಮ ಉಳಿಯಿತು. ತನ್ನ ಹೆಸರಿನ ಪಾಲಿನಲ್ಲಿ ಅವಳ ಹೊಟ್ಟೆಗೆ ಸಾಕಾಗುತ್ತಿತ್ತು. ಗಂಡನ ಪಾಲನ್ನು ಅವಳು ಮುಟ್ಟುತ್ತಿದ್ದುದು ವಾರಕ್ಕೊಮ್ಮೆ, ಸೋಮವಾರ, ಒಂದೇ ಒಂದು ಮೀನಿನಷ್ಟು. ಹುಟ್ಟು ಹಾಕಲು ನಾನು ಹೋಗುತ್ತಿದ್ದೆ. ಹೆಸರು ಹೇಳುವುದು, ಹಗ್ಗ ಜಗ್ಗುವುದು, ಅವಳ ಭುಜ ಕೆಳಗಿಳಿಯುವುದು, ಮತ್ತೆ ಮುಂದಿನ ಸೋಮವಾರದವರೆಗೆ ಅವಳು ಎಲ್ಲರಂತೆ ನಗುತ್ತ ಮಾತಾಡುತ್ತ ಇರುವುದು. ಆ ಮೀನನ್ನು ದಕ್ಕೆಯಲ್ಲಿ ತೋರಿಸಿ ಮನೆಗೆ ತಂದು ತಾನೊಬ್ಬಳೇ ತಿನ್ನುತ್ತಿದ್ದಳು. ಮಾರುತ್ತಿರಲಿಲ್ಲ, ಒಂದು ತುಂಡನ್ನೂ ಯಾರಿಗೂ ಕೊಡುತ್ತಿರಲಿಲ್ಲ. ಉಳಿದದ್ದರಲ್ಲಿ ಅವಳ ಕೈ ಬಹಳ ದೊಡ್ಡದು. ಈ ಮೀನಿನ ವಿಷಯದಲ್ಲಿ ಮಾತ್ರ ಹಾಗೆ. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಅವನು ನನಗೂ ಅಣ್ಣನಲ್ಲವೇ?

ಆ ವರ್ಷ ದೀಪಾವಳಿಯ ಹೊತ್ತಿಗೆ ನನ್ನ ಮೂವತ್ತು ಮುಗಿದವು. ಈರಣ್ಣನ ಸಂಬಳ ಅಕ್ಕಿಗೆ ಸರಿಹೋಗುತ್ತಿತ್ತು. ಮಕ್ಕಳು ಗಂಜಿಯ ತಟ್ಟೆಯ ಮುಂದೆ ಕೂತು, ಇನ್ನೇನಾದರೂ ಬಂದೀತೆಂದು ಒಲೆಯ ಕಡೆ ನೋಡುತ್ತಿದ್ದರು. ಬುಗುರಿಯ ಮಣಿಕಟ್ಟು ನನ್ನ ಎರಡು ಬೆರಳಿನಷ್ಟಾಗಿತ್ತು. ಹಬ್ಬದ ಮಾರನೆಯ ಬೆಳಿಗ್ಗೆ ಸಣ್ಣ ಮೀನಾದರೂ ಸಿಕ್ಕೀತೆಂದು ಬೀಸುಬಲೆ ಹಿಡಿದು ಒಬ್ಬಳೇ ಹೋದೆ. ಏನೂ ಬೀಳಲಿಲ್ಲ. ಪ್ರತಿ ಹಬ್ಬಕ್ಕೂ ಅಣ್ಣ ನನ್ನ ಮನೆಗೆ ಬೆಲ್ಲದ ಅಚ್ಚು, ಎಣ್ಣೆಯ ಸೀಸೆ ತಂದುಕೊಟ್ಟು ಹೋಗುತ್ತಿದ್ದದ್ದು ನೆನಪಾಯಿತು. ದೋಣಿಯಲ್ಲಿ ಗಾಳ ಇತ್ತು. ಕೊಡಬೇಕಾದದ್ದನ್ನು ಕೇಳಿ ಪಡೆಯುವ ಹಾಗೆ ಬಾಗಿ ಅವನ ಹೆಸರು ಹೇಳಿಬಿಟ್ಟೆ. ಉಸಿರು ಬಿಟ್ಟು ತೆಗೆದುಕೊಳ್ಳುವುದರೊಳಗೆ ಕಚ್ಚಿತು. ನಾನು ಅತ್ತೆ. ಅವನು ಇದ್ದಾನೆ ಎಂದು ಅತ್ತಿಗೆಯ ಕೈಯಿಂದ ತಿಳಿಯುವುದು ಬೇರೆ, ನನ್ನ ಕೈಯಲ್ಲೇ ತಿಳಿಯುವುದು ಬೇರೆ. ಮೊದಲನೆಯದು ಆ ಆಸೆಗೆ. ಸತ್ಯವಾಗಿ ಹೇಳುತ್ತೇನೆ, ಎರಡನೆಯದರಿಂದ ಮುಂದೆ ಹೊಟ್ಟೆಗೆ.

ದಕ್ಕೆಗೆ ತಂದರೆ ಗಣಪಯ್ಯನವರು ಬರೆದುಕೊಳ್ಳುತ್ತಾರೆ. ದೋಣಿಯಲ್ಲೇ ಕತ್ತರಿಸಿ, ಬಲೆಯ ಕೆಳಗೆ ಮುಚ್ಚಿ ತಂದು ಅಟ್ಟದ ಮೇಲೆ ಒಣಗಿಸಿದೆ. ಎಲ್ಲಿಂದ ಬಂತೆಂದು ಈರಣ್ಣ ಕೇಳಲಿಲ್ಲ. ಆರು ವಾರದಲ್ಲಿ ಹದಿನಾಲ್ಕು ಮೀನು. ಪ್ರತಿ ಸಲವೂ ಇದು ಕೊನೆಯದು ಅಂದುಕೊಂಡೆ. ಅತ್ತಿಗೆಯ ಸೋಮವಾರಗಳಿಗೆ ಹುಟ್ಟು ಹಾಕುತ್ತಿದ್ದವಳು ನಾನೇ ಆದ್ದರಿಂದ, ಅವಳದು ಹದಿನಾರಾಗಿದೆ, ನನ್ನದು ಹದಿನಾಲ್ಕಾಗಿದೆ ಎಂಬುದು ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾದೀತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದೆ.

ಹದಿನಾಲ್ಕನೆಯದನ್ನು ಹಿಡಿದದ್ದು ಮಾರ್ಗಶಿರದ ಒಂದು ಭಾನುವಾರ. ಮರುದಿನ ಅತ್ತಿಗೆ ಬಾಗಿ ಹೆಸರು ಹೇಳಿದಳು. ಹಗ್ಗ ಸುಮ್ಮನೆ ನೇತಾಡಿತು. ಬಂಗುಡೆ ಹಳತಾಗಿರಬೇಕೆಂದು ಬೇರೆ ತುಂಡು ಸಿಕ್ಕಿಸಿದಳು. ಜಾಗ ಬದಲಿಸಲು ಹೇಳಿದಳು, ಬದಲಿಸಿದೆ. ಮೂರನೆಯ ಸಲ ಅವಳು ಹೆಸರಿನ ಜೊತೆಗೆ ಮನೆತನವನ್ನೂ ಸೇರಿಸಿ ಹೇಳಿದಳು, ನೀರಿಗೆ ಗುರುತು ತಪ್ಪಿದೆಯೋ ಎಂಬಂತೆ. ಬಿಸಿಲು ನೆತ್ತಿಗೆ ಬಂತು. ನಾನು ಹುಟ್ಟಿನ ಮೇಲೆ ಕೈಯಿಟ್ಟು ಕೂತಿದ್ದೆ. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಆಮೇಲೆ ಬರಲಿಲ್ಲ.

ಮರಳಿಗೆ ಬಂದೆವು. ದೋಣಿ ಎಳೆದು ಹಾಕಿದ ಮೇಲೆ ನನ್ನ ತೋಳು ಹಿಡಿದಳು.

"ಹದಿನಾರೇ ಆದದ್ದು ಚಿಕ್ಕು. ಇನ್ನೂ ಹದಿನಾಲ್ಕು ಉಂಟು."

"ಹೌದತ್ತಿಗೆ."

"ಒಂದೋ ಅವ್ರು ಹೋದ್ರು. ಇಲ್ದಿದ್ರೆ ಅವ್ರೇ ಎಲ್ಲೋ ಕೂತು ತಮ್ಮ ಪಾಲು ತಾವೇ ಹಿಡೀತಿದ್ದಾರೆ." ಅವಳ ಮುಖದಲ್ಲಿ ಒಂದು ಬಗೆಯ ಬಿಸಿ ಏರಿತು. "ಹಿಡೀತಿದ್ದಾರೆ. ಹೋದವ್ರಾದ್ರೆ ನಂಗೆ ಗೊತ್ತಾಗ್ತಿತ್ತು. ಹತ್ರಕ್ಕೇ ಬಂದಿದ್ದಾರೆ."

ಚಾಪೆಮೀನು ಹೆಸರು ಕೇಳುವುದು ನಮ್ಮ ನೀರಿನಲ್ಲಿ ಮಾತ್ರ, ಕರಿಬಂಡೆಯಿಂದ ಹಕ್ಕಿಕುದ್ರುವಿನವರೆಗೆ. ಕುದ್ರು ಎಂದರೆ ಎರಡು ಗಂಟೆ ಹುಟ್ಟು ಹಾಕಿದರೆ ಸಿಗುವ ಒಂದು ಬೋಳು ನಡುಗಡ್ಡೆ. ಅಣ್ಣ ಹಿಡಿಯುತ್ತಿದ್ದರೆ ಆ ನೀರಿನಲ್ಲೇ ಹಿಡಿಯಬೇಕು, ಇರುವುದಿದ್ದರೆ ಕುದ್ರುವಿನಲ್ಲೇ ಇರಬೇಕು. ಅವಳು ಅದನ್ನು ಬೆರಳು ಮಡಿಸಿ ನನಗೆ ಹೇಳಿದಳು. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ.

ಸುದ್ದಿ ಹಬ್ಬಿತು. ಗಣಪಯ್ಯನವರು ಅಳತೆಕೋಲು ಹಿಡಿದುಕೊಂಡೇ ಮನೆಗೆ ಬಂದರು. ನಡುವರ್ಷದಲ್ಲಿ ಹೆಸರು ನಿಂತರೆ ಸತ್ತರೆಂದು ತೀರ್ಮಾನಿಸುವಂತಿಲ್ಲ, ಹೊಸ ಸಂಖ್ಯೆ ಹೇಳಿದ ದಿನ ಕಚೇರಿಯ ದೋಣಿಯಲ್ಲಿ ಮೂರು ಗಾಳ ಬಿಟ್ಟು ನೋಡಬೇಕು, ಅಲ್ಲಿಯವರೆಗೆ ಪಟ್ಟಿಯಲ್ಲಿ ಹಾಗೇ ಇರುತ್ತದೆ ಎಂದರು. ಜಗಲಿಯಿಂದ ಇಳಿಯುವಾಗ ನನ್ನ ಕಡೆ ತಿರುಗಿ, "ಕಳ್ಳಪಾಲು ಹಿಡಿದವ್ರು ಯಾರಾದ್ರೂ ಇದ್ರೆ ಸಿಕ್ಕಿಬೀಳ್ತಾರೆ. ಹೀಂಗೆ ಮಾಡಿದವ್ರ ಹೆಸರಿಗೆ ಮೂರು ವರ್ಷ ಸೊನ್ನೆ," ಎಂದರು. ನನ್ನ ಮೇಲೆ ಅನುಮಾನದಿಂದ ಅಂದದ್ದಲ್ಲ, ಎಲ್ಲರಿಗೂ ಹೇಳುವ ಮಾತು. ಮೂರು ವರ್ಷ ಸೊನ್ನೆ ಅಂದರೆ ನನ್ನ ಮಕ್ಕಳಿಗೆ ಏನೆಂದು ನನಗೆ ಗೊತ್ತಿತ್ತು.

ಆಮೇಲೆ ಬಂದವನು ಕೂಸ. ದೋಣಿ ಕಟ್ಟುವ ಆಚಾರಿ, ಹೆಂಡತಿ ತೀರಿಕೊಂಡವನು, ಮಾತು ಕಡಿಮೆ. ಎರಡು ವರ್ಷದ ಹಿಂದೆ ಅತ್ತಿಗೆಯ ದೋಣಿಗೆ ಹಲಗೆ ಹಾಕಿಕೊಟ್ಟು, ಕೂಲಿಯ ಮಾತು ಬಂದಾಗ ತನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದ. ಹೆಸರಿಗೆ ಕಚ್ಚುವವರೆಗೆ ತಾನು ಇನ್ನೊಬ್ಬರ ಹೆಂಡತಿ ಎಂದು ಅವಳು ಹೇಳಿದ್ದಳು. ಈಗ ಅಂಗಳದಲ್ಲಿ ನಿಂತು ಕಾಲಿನಿಂದ ಮರಳು ಸರಿಸುತ್ತಿದ್ದ.

"ಅವ್ರು ಇದ್ದಾರೆ ಕೂಸ," ಎಂದಳು ಅತ್ತಿಗೆ.

"ಇದ್ದೂ ಬಾರದವ್ನಿಗೆ ಎಷ್ಟು ವರ್ಷ ಕಾಯ್ತಿ?"

"ಅದನ್ನು ಅವ್ರ ಹತ್ರವೇ ಕೇಳಿ ಬರ್ತೇನೆ."

ಪುಷ್ಯದ ಗಾಳಿಯಲ್ಲಿ ಕುದ್ರುವಿಗೆ ಯಾರೂ ಹೋಗುವುದಿಲ್ಲ. ಅವಳು ಒಬ್ಬಳೇ ಹೊರಟಳು. ಅವಳನ್ನು ಒಬ್ಬಳನ್ನೇ ಕಳಿಸುವ ಧೈರ್ಯ ನನಗಿರಲಿಲ್ಲ, ತಡೆಯುವ ಮಾತು ನನ್ನ ಹತ್ತಿರ ಇದ್ದರೂ ಹೇಳುವ ಧೈರ್ಯವೂ ಇರಲಿಲ್ಲ. ಜೊತೆಗೆ ಹತ್ತಿದೆ. ಎರಡು ಗಂಟೆಯ ದಾರಿಗೆ ನಾಲ್ಕು ಗಂಟೆ ಹಿಡಿಯಿತು. ಒಂದು ತೆರೆ ನಮ್ಮಿಬ್ಬರನ್ನೂ ಕುತ್ತಿಗೆಯವರೆಗೆ ನೆನೆಸಿತು. ಅವಳು ನೀರು ಮೊಗೆದು ಹೊರಗೆ ಚೆಲ್ಲುತ್ತ, ಅವರು ಸೊರಗಿರಬಹುದು, ಕೂದಲು ಬಿಟ್ಟಿರಬಹುದು, ಮೊದಲು ಬೈಯಬಾರದು, ಊಟ ಆಯ್ತಾ ಕೇಳಬೇಕು ಎಂದೆಲ್ಲ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಮಡಿಲಲ್ಲಿ ಅವನ ಒಂದು ಅಂಗಿ ಇತ್ತು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದು.

ಕುದ್ರುವಿನಲ್ಲಿ ಹಕ್ಕಿಗಳ ಹಿಕ್ಕೆ ಬಿಟ್ಟರೆ ಏನಿಲ್ಲ. ಅವಳು ಆ ತುದಿಯಿಂದ ಈ ತುದಿಗೆ ಓಡಾಡಿದಳು. ತೆಂಕು ಬದಿಯ ಬಂಡೆಯ ಮರೆಯಲ್ಲಿ ಮೂರು ಕಲ್ಲಿನ ಒಲೆ, ಒಂದಿಷ್ಟು ಬೂದಿ. ಚಿಪ್ಪು ಆರಿಸಲು ಬಂದವರು ಹೂಡಿದ್ದು, ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅವಳು ಅಲ್ಲಿ ಕುಕ್ಕರುಗಾಲಲ್ಲಿ ಕೂತು ಬೂದಿಯೊಳಗೆ ಕೈಯಿಟ್ಟಳು.

"ಬಿಸಿ ಉಂಟು ನೋಡು."

ನಾನೂ ಕೈಯಿಟ್ಟೆ. ಬೂದಿ ಒದ್ದೆಯಾಗಿ ತಣ್ಣಗಿತ್ತು.

"ಕಲ್ಲು ಹೀಂಗೆ ಓರೆ ಇಡುದು ಅವ್ರೇ. ಎಷ್ಟು ಸಲ ಹೇಳಿದ್ದೆ, ಪಾತ್ರೆ ಜಾರ್ತದೆ ಅಂತ." ಅವಳು ಆ ಅಂಗಿಯನ್ನು ತೆಗೆದು ಒಲೆಯ ಪಕ್ಕದ ಬಂಡೆಯ ಮೇಲೆ ಹಾಸಿ, ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೂ ಕಲ್ಲು ಹೇರತೊಡಗಿದಳು. ಮೂರನೆಯ ಕಲ್ಲು ಇಡುವಾಗ ನಾನು ಹೇಳಿದೆ.

"ಅತ್ತಿಗೆ, ಹದಿನಾಲ್ಕನ್ನು ಹಿಡಿದವ್ಳು ನಾನು."

ಅವಳು ನಾಲ್ಕನೆಯ ಕಲ್ಲನ್ನೂ ಇಟ್ಟು ಮುಗಿಸಿದಳು. ಕೇಳಿಸಲಿಲ್ಲವೋ ಎಂದು ಮತ್ತೊಮ್ಮೆ ಹೇಳಿದೆ. ದೀಪಾವಳಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಟ್ಟದ ಮೇಲೆ ಒಣಗಿಸಿದ್ದು, ಮಕ್ಕಳ ತಟ್ಟೆ, ಬುಗುರಿಯ ಕೈ. ಅವಳು ನನಗೆ ಬೆನ್ನು ಹಾಕಿ ನಿಂತಿದ್ದಳು. ಹೊಡೆದರೆ ಹೊಡೆಸಿಕೊಳ್ಳಬೇಕೆಂದು ಹತ್ತಿರವೇ ನಿಂತೆ.

"ಕೊನೇದು ಯಾವತ್ತು?"

"ಭಾನುವಾರ. ಕಚ್ಚದೆ ನಿಂತ ಸೋಮವಾರದ ಹಿಂದಿನ ದಿನ."

"ತಡ ಮಾಡಿ ಕಚ್ಚಿತಾ?"

"ಇಲ್ಲ. ಕೂಡ್ಲೆ ಕಚ್ಚಿತು."

ಅವಳು ತಲೆಯಾಡಿಸಿದಳು. "ಮೀನು ಕೇಳಿದ್ರೆ ಕೊಡ್ತಿದ್ದೆ," ಎಂದಳು. "ಎಲ್ಲಾ ಮೂವತ್ತೂ ಕೊಡ್ತಿದ್ದೆ. ಹಗ್ಗ ಮಾತ್ರ ನನ್ನ ಕೈಯಲ್ಲಿ ಇರ್ಬೇಕಿತ್ತು. ಹದಿನಾಲ್ಕು ಸಲ ಅವ್ರು ಇದ್ದಾರೆ ಅಂತ ನಿಂಗೆ ಗೊತ್ತಾಯ್ತು. ನಂಗೆ ಹದಿನಾರೇ ಸಲ."

ನಾನು ಅವಳ ಕಾಲು ಹಿಡಿಯಲು ಬಾಗಿದೆ. ಅವಳು ಸರಿದು ದೋಣಿಯ ಕಡೆ ನಡೆದಳು. ಅಂಗಿಯನ್ನು ತೆಗೆದುಕೊಳ್ಳಲಿಲ್ಲ. ಹಿಂದಿರುಗುವಾಗ ಹುಟ್ಟನ್ನು ನನ್ನ ಕೈಗೆ ಕೊಡದೆ ತಾನೇ ಹಾಕಿದಳು, ಒಂದು ಕ್ಷಣವೂ ನಿಲ್ಲಿಸದೆ. ಅಂಗೈಯ ಗುಳ್ಳೆ ಒಡೆದು ಹುಟ್ಟಿನ ಹಿಡಿ ಕೆಂಪಾಯಿತು.

ನಾನು ಒಂದು ಸೋಮವಾರದ ನಂತರ ಇನ್ನೊಂದನ್ನು ಎಣಿಸತೊಡಗಿದೆ. ಆ ಹದಿನಾಲ್ಕು ಅವಳ ಹತ್ತಿರ ಇದ್ದಿದ್ದರೆ ಹದಿನಾಲ್ಕು ಸೋಮವಾರ ಅವಳಿಗೆ ಅವನ ಸುದ್ದಿ ಸಿಗುತ್ತಿತ್ತು, ಫಾಲ್ಗುಣದ ಹೋಳಿ ಹುಣ್ಣಿಮೆಯವರೆಗೆ. ಆಮೇಲಿನ ತಿಂಗಳುಗಳನ್ನು ಅವಳು ಹಿಂದಿನ ವರ್ಷದ ಹಾಗೆ ಹೇಗೋ ಹಲ್ಲು ಕಚ್ಚಿ ಕಳೆಯುತ್ತಿದ್ದಳು. ಈಗ ನೂಲ ಹುಣ್ಣಿಮೆಯವರೆಗೆ ಎಂಟು ತಿಂಗಳು ಕತ್ತಲೆ. ಅವಳು ನನ್ನೊಂದಿಗೆ ಮಾತು ಬಿಟ್ಟಳು. ಬಾವಿಕಟ್ಟೆಯಲ್ಲಿ ಸಿಕ್ಕಿದರೆ ನನ್ನ ಕೊಡ ತುಂಬುವವರೆಗೆ ದೂರ ನಿಂತಿರುತ್ತಿದ್ದಳು. ಆದರೆ ಯಾರಿಗೂ ಹೇಳಲಿಲ್ಲ. ನಾನು ದಿನವೂ ಗಣಪಯ್ಯನವರು ಬರುತ್ತಾರೆಂದು ಬಾಗಿಲಿನ ಕಡೆ ಕಿವಿಕೊಟ್ಟು ಕಾದೆ. ಬರಲಿಲ್ಲ. ಮಳೆಗಾಲ ಬಂತು, ದೋಣಿಗಳನ್ನು ಮಗುಚಿ ಹಾಕಿದರು. ಒಂದು ಸಂಜೆ ಹಣತೆ ಓಡಿ ಬಂದು, ದೊಡ್ಡತ್ತೆ ಮಗುಚಿದ ದೋಣಿಯ ಮೇಲೆ ಮಳೆಯಲ್ಲಿ ನೆನೆಯುತ್ತ ಕೂತಿದ್ದಾಳೆ, ಕೂಸ ಮಾವ ಮಳೆಗೆ ಹೊದೆಯುವ ಗೊರಬು ಹಿಡಿದು ದೂರದಲ್ಲಿ ನಿಂತಿದ್ದಾನೆ ಎಂದಳು. ನಾನು ಹೋಗಲಿಲ್ಲ. ಹೋಗುವ ಮುಖ ಇರಲಿಲ್ಲ.

ನೂಲ ಹುಣ್ಣಿಮೆಯ ಮರುದಿನ ಗಣಪಯ್ಯನವರು ನೀರಿಗೆ ಇಪ್ಪತ್ತೈದು ಎಂದು ಹೇಳಿದರು. ಮೀನು ಇನ್ನೂ ಒಂದು ಬೆರಳು ಸಣ್ಣದಾಗಿತ್ತು. ಆಮೇಲೆ ಸಂಶಯದ ಹೆಸರುಗಳ ಸರದಿ. ಆ ಸಲ ಇದ್ದದ್ದು ಜಟ್ಟಪ್ಪ ಒಂದೇ. ಹತ್ತಿರದ ಇಬ್ಬರು ದೋಣಿಯಲ್ಲಿ ಇರಬೇಕೆಂಬುದು ನಿಯಮ, ಹಾಗಾಗಿ ಹೆಂಡತಿಯೂ ತಂಗಿಯೂ ಎದುರುಬದುರು ಕೂತೆವು. ಕೂಸ ದಡದಲ್ಲಿ ನಿಂತವರ ಗುಂಪಿನಲ್ಲಿದ್ದ.

ಮೊದಲ ಗಾಳಕ್ಕೆ ಅತ್ತಿಗೆ ಕರೆದಳು. ಈಗ ಅವಳಿಗೆ ಆ ಹೆಸರು ಹೇಳಲು ನಾಚಿಕೆ ಇರಲಿಲ್ಲ. ಗಣಪಯ್ಯನವರು ತಮ್ಮ ಗಡಿಯಾರ ನೋಡುತ್ತ ಕೂತರು. ಅರ್ಧ ಗಂಟೆಯ ಮೇಲೆ ಎಳೆದರು, ಬಂಗುಡೆಯ ತುಂಡು ಹೋದ ಹಾಗೇ ಬಂತು. ಎರಡನೆಯದಕ್ಕೂ ಅವಳೇ ಕರೆದಳು. ಅದೂ ಹಾಗೇ. ಮೂರನೆಯದನ್ನು ಬಿಡುವ ಮೊದಲು ಅವಳು ಏಳು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು.

"ನೀನು ಕರಿ ಚಿಕ್ಕು. ನಿನ್ನ ಬಾಯಿಗೆ ಕಚ್ಚೀತು."

ನಾನು ಬಾಗಿದೆ. ನೀರಿನಲ್ಲಿ ನನ್ನದೇ ಮುಖ, ಅಣ್ಣನ ಹಾಗೆಯೇ ಅಗಲ ಹಣೆ. ಜಟ್ಟಪ್ಪ ಅಂದೆ. ಆಮೇಲೆ ಗಣಪಯ್ಯನವರಿಗೂ ಕೇಳಿಸದಂತೆ ಅಣ್ಣಾ ಅಂದೆ. ಅತ್ತಿಗೆ ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು, ನಾಡಿ ನೋಡುವವಳ ಹಾಗೆ ಕಣ್ಣು ಮುಚ್ಚಿ ಕೂತಿದ್ದಳು. ಗಣಪಯ್ಯನವರು ಅರ್ಧ ಗಂಟೆಗೆ ಇನ್ನೂ ಕಾಲು ಗಂಟೆ ಸೇರಿಸಿ ಕಾದರು. ನಿಯಮದಲ್ಲಿ ಅದು ಇಲ್ಲ.

ಪಟ್ಟಿಯಿಂದ ಹೊಡೆಯುವ ಮೊದಲು ಅವರು ಪೆನ್ನು ಹಿಡಿದು ಕೇಳಿದರು. "ದಿನ ಬರೀಬೇಕು. ತಿಥಿಗೂ ಇದೇ ಆಗ್ತದೆ. ಯಾವತ್ತು ಅಂತ ಬರೀಲಿ?"

ನಾನು ಬಾಯಿ ತೆರೆದೆ. ದೇವರ ಮುಂದೆ ಹೇಳುತ್ತೇನೆ, ಆ ಹೊತ್ತಿನಲ್ಲಿ ಹೇಳಿಯೇ ಬಿಡುತ್ತಿದ್ದೆ. ಆ ಸೋಮವಾರ ಕಚ್ಚದಿದ್ದದ್ದು ಪಾಲು ಮುಗಿದದ್ದಕ್ಕೆ, ಅವನು ಸತ್ತದ್ದಕ್ಕಲ್ಲ, ಸತ್ತದ್ದು ಯಾವಾಗ ಎಂದು ಇನ್ನು ಯಾರಿಗೂ ತಿಳಿಯುವಂತಿಲ್ಲ, ಅದಕ್ಕೆ ಕಾರಣ ನಾನು ಎಂದು. ಅತ್ತಿಗೆ ನನಗಿಂತ ಮೊದಲು ಮಾತಾಡಿದಳು.

"ಮಾರ್ಗಶಿರ ಶುದ್ಧ ದ್ವಾದಶಿ. ಸೋಮವಾರ. ಅವತ್ತೇ ಕಚ್ಚದೆ ನಿಂತದ್ದು."

ಗಣಪಯ್ಯನವರು ಬರೆದುಕೊಂಡರು. ದೋಣಿ ದಡ ಮುಟ್ಟಿತು. ಹೆಂಗಸರು ಬಂದು ಅವಳನ್ನು ಸುತ್ತುವರಿದರು. ಯಾರೋ ಅವಳ ಕೈ ಹಿಡಿಯಲು ಬಂದಾಗ ಅವಳೇ ಬಳೆಗಳನ್ನು ಒಂದೊಂದಾಗಿ ತೆಗೆದು ಮರಳಿನ ಮೇಲೆ ಇಟ್ಟಳು. ಗುಂಪು ಕರಗಿದ ಮೇಲೆ ನಾನು ಅವಳ ಹಿಂದೆ ಹೋಗಿ, ಯಾಕೆ ಹಾಗೆ ಹೇಳಿದಿರಿ ಅತ್ತಿಗೆ ಎಂದು ಕೇಳಿದೆ.

"ನಿನ್ನ ಮಕ್ಕಳ ತಟ್ಟೆ ನೋಡಿ ಹೇಳ್ದೆ," ಎಂದಳು. "ನಿನ್ನ ಮುಖ ನೋಡಿ ಅಲ್ಲ."

ಕಾರ್ತಿಕದಲ್ಲಿ ಅವಳು ಕೂಸನ ಮನೆಗೆ ಹೋದಳು. ಹಾರವಿಲ್ಲ, ಓಲಗವಿಲ್ಲ. ಕೂಸ ಬಂದು ಅವಳ ಪೆಟ್ಟಿಗೆ ಹೊತ್ತುಕೊಂಡು ಮುಂದೆ ನಡೆದ, ಅವಳು ಹಿಂದೆ ನಡೆದಳು. ಅದೇ ತಿಂಗಳು ಆಚೆ ಬೀದಿಯವರು ತಮ್ಮ ಹಸುಗೂಸಿಗೆ ಖಾಲಿಯಾದ ಹೆಸರು ಬೇಕೆಂದು ಕೇಳಿಕೊಂಡು ಬಂದರು. ಹೆಸರಿನ ಮನೆಯವರ ಒಪ್ಪಿಗೆ ಬೇಕಾಗುತ್ತದೆ. ನಾನು ಅತ್ತಿಗೆಯನ್ನು ಕೇಳಿ ಎಂದೆ. ಅವಳು ಕೊಡಿ ಅಂದಳಂತೆ. ಈಗ ಸಂಜೆಯಾದರೆ ಆ ಬೀದಿಯಲ್ಲಿ ತಾಯಿಯೊಬ್ಬಳು ಜಟ್ಟಪ್ಪಾ ಬಾರೋ ಎಂದು ಕೂಗುವುದು ನಮ್ಮಿಬ್ಬರ ಮನೆಗೂ ಕೇಳಿಸುತ್ತದೆ.

ಇನ್ನೊಬ್ಬನ ಮನೆ ಸೇರಿದವಳು ತಿಥಿ ಮಾಡುವ ಹಾಗಿಲ್ಲ. ಹಾಗಾಗಿ ಅದು ನನ್ನ ಪಾಲಿಗೆ ಬಂತು. ಪ್ರತಿವರ್ಷ ಮಾರ್ಗಶಿರ ಶುದ್ಧ ದ್ವಾದಶಿಯ ದಿನ ನಾನು ಬೆಳಿಗ್ಗೆಯೇ ಸ್ನಾನ ಮಾಡಿ, ಅವನಿಗೆ ಇಷ್ಟವಾದದ್ದನ್ನೆಲ್ಲ ಅಡುಗೆ ಮಾಡಿ, ಬಾಳೆಲೆಯಲ್ಲಿ ಎಡೆ ಬಡಿಸಿ, ಅವನು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡುತ್ತೇನೆ. ಈರಣ್ಣ, ಮಕ್ಕಳು, ನೆರೆಯವರು ಅಂಗಳದಲ್ಲಿ ಕಾಯುತ್ತಾರೆ. ಅತ್ತಿಗೆಯೂ ಬರುತ್ತಾಳೆ. ಜಗಲಿಯ ತುದಿಯಲ್ಲಿ ಗೋಡೆಗೆ ಒರಗಿ ಕೂರುತ್ತಾಳೆ. ಮುಚ್ಚಿದ ಬಾಗಿಲಿನ ಕಡೆ ನೋಡುವುದಿಲ್ಲ, ಸಮುದ್ರದ ಕಡೆಯೂ ನೋಡುವುದಿಲ್ಲ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಎದ್ದು ಹೋಗುತ್ತಾಳೆ. ಇಷ್ಟು ಜನರಲ್ಲಿ ಆ ದಿನದ ಸಂಗತಿ ಗೊತ್ತಿರುವುದು ನಮ್ಮಿಬ್ಬರಿಗೇ. ಆ ದಿನ ಅಣ್ಣ ಬದುಕಿದ್ದ. ಯಾವ ಊರಿನಲ್ಲೋ, ಯಾರು ಬಡಿಸಿದ್ದನ್ನೋ, ಹಸಿವಾಗಿ ಕೂತು ಉಂಡಿರಬೇಕು.